ಬಾಲ ಬಿಚ್ಚಿದ ಟ್ರೇಲರ್

"ಬ್ರೇಕ್ ಒತ್ತು," ಎಂದ ಅವನು.

ಒತ್ತಲಿಲ್ಲ.

ಪಿಸ್ತೂಲಿನ ನಳಿಗೆ ನನ್ನ ಬಲಗಿವಿಯ ಹಿಂದೆ ತಣ್ಣಗೆ ಕೂತಿತ್ತು. ಆದರೆ ನನ್ನನ್ನು ಹೆದರಿಸಿದ್ದು ಪಿಸ್ತೂಲಲ್ಲ, ಬಾಗಿಲಿನ ಕನ್ನಡಿ. ಪಿಕಪ್ ಟ್ರಕ್ಕಿನ ಬೆನ್ನಿಗೆ ಕಟ್ಟಿದ್ದ ಬಿಳಿ ಟ್ರೇಲರ್, ಒಂದು ಕೋಣೆಯಷ್ಟು ದೊಡ್ಡ ಮುಚ್ಚಿದ ಡಬ್ಬ, ಒಮ್ಮೆ ಎಡಗನ್ನಡಿಯ ತುಂಬ ಕಾಣುತ್ತಿತ್ತು. ಮರುಕ್ಷಣ ಬಲಗನ್ನಡಿಯಲ್ಲಿ. ಮತ್ತೆ ಎಡಕ್ಕೆ... ಪ್ರತಿ ಸಲವೂ ಇನ್ನಷ್ಟು ಅಗಲಕ್ಕೆ.

ಗಂಟೆಗೆ ಎಪ್ಪತ್ತು ಮೈಲಿ. ವೈಯೋಮಿಂಗಿನ ಹೆದ್ದಾರಿ, ಇಳಿಜಾರು, ಮಟಮಟ ಮಧ್ಯಾಹ್ನ, ಅಡ್ಡಗಾಳಿ.

"ಕಿವಿ ಕೇಳಲ್ವಾ ನಿಂಗೆ? ಒತ್ತೇ."

"ಒತ್ತಿದ್ರೆ ಇಬ್ರೂ ಸಾಯ್ತೀವಿ. ನನ್ನ ಸುಟ್ರೂ ಇಬ್ರೂ ಸಾಯ್ತೀವಿ. ನಿಂಗೆ ಯಾವುದು ಇಷ್ಟಾನೋ ಹೇಳು, ಕೋಲ್ಟರ್."

ನನ್ನ ಹೆಸರು ಟ್ವೈಲಾ. ಒಬ್ಬರು ಎತ್ತಿಕೊಂಡು ಹೋದದ್ದನ್ನು ಇನ್ನೊಬ್ಬರಿಗೆ ತಂದುಕೊಡುವುದು ನನ್ನ ಕಸುಬು. ಈ ಸಲ ಕರೆದವಳು ಲಾರಮಿ ಊರಿನ ಒಲೀಟಾ. ಅವಳ ಗಂಡ ಹಾರ್ಲನ್ ಆ ವಾರ ತೀರಿಕೊಂಡಿದ್ದ. ಅವನು ಕೈಯಾರೆ ಬಿಚ್ಚಿ ಕಟ್ಟಿದ ಹಳೆಯ ಕೆಂಪು ಕಾರೊಂದಿತ್ತು. ತನ್ನ ಹೆಣದ ಮುಂದೆ ಅದು ಸ್ಮಶಾನದವರೆಗೆ ಹೋಗಬೇಕು ಅನ್ನುವುದು ಅವನ ಕಡೆಯ ಮಾತು. ಅಂತ್ಯಕ್ರಿಯೆ ನಾಳೆ ಬೆಳಿಗ್ಗೆ. ಒಲೀಟಾ ಚರ್ಚಿನಲ್ಲಿ ಹೂವಿನ ಲೆಕ್ಕ ನೋಡುತ್ತಿದ್ದಾಗ ಮೈದುನನ ಮಗ ಕೋಲ್ಟರ್ ಕಾರನ್ನು ಟ್ರೇಲರಿಗೆ ಏರಿಸಿ ಸಾಲ್ಟ್ ಲೇಕಿನ ಕಾರ್ ಪ್ರದರ್ಶನಕ್ಕೆ ಹೊರಟುಬಿಟ್ಟಿದ್ದ. ಬಹುಮಾನ ಗೆದ್ದು ದೊಡ್ಡಪ್ಪನ ಹೆಸರು ಉಳಿಸುತ್ತಾನಂತೆ. ದೊಡ್ಡಪ್ಪನನ್ನು ಹೂಳುವಷ್ಟೂ ವ್ಯವಧಾನ ಇಲ್ಲದವನು.

ರಾಲಿನ್ಸಿನ ಪೆಟ್ರೋಲ್ ಬಂಕಿನಲ್ಲಿ ಅವನ ಪಿಕಪ್ ಸಿಕ್ಕಿತು. ಎಂಜಿನ್ ಓಡುತ್ತಿತ್ತು, ಸ್ಟಿಯರಿಂಗಿನ ಮುಂದೆ ಯಾರೂ ಇರಲಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ಗಾಡಿ ಆರಿಸದೆ ಇಳಿದುಹೋಗುವವರೇ ಹೆಚ್ಚು. ಕಳ್ಳರಿಗೂ ಚಳಿ ಅನ್ನುವ ನಂಬಿಕೆ. ಹತ್ತಿದೆ, ಲಾರಮಿಯ ಕಡೆ ತಿರುಗಿಸಿದೆ, ಬಿಟ್ಟೆ. ಟ್ರೇಲರಿನೊಳಗೆ ಇಣುಕುವಷ್ಟೂ ನಿಲ್ಲಲಿಲ್ಲ. ಹಿಂದಿನ ಸೀಟಿನ ಕಂಬಳಿ ರಾಶಿಯನ್ನೂ ಎತ್ತಿ ನೋಡಲಿಲ್ಲ.

ಕೋಲ್ಟರ್ ಅದರಡಿ ನಿದ್ದೆ ಹೊಡೆಯುತ್ತಿದ್ದ. ಹೀಟರ್ ಆರಬಾರದೆಂದು ಎಂಜಿನ್ ಬಿಟ್ಟಿದ್ದನಂತೆ.

ಎಲ್ಕ್ ಬೆಟ್ಟದ ಹತ್ತಿರ ದೊಡ್ಡ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ಟ್ರೇಲರನ್ನು ಮೊದಲು ನೂಕಿತು, ಆಮೇಲೆ ಎಳೆಯಿತು. ಬಾಲ ಅಲ್ಲಾಡಲು ಶುರುವಾದದ್ದು ಆಗ. ಅವನಿಗೆ ಎಚ್ಚರವಾದದ್ದೂ ಆಗಲೇ.

ಆಕ್ಸಿಲರೇಟರಿನಿಂದ ಕಾಲೆತ್ತಿದ್ದೆ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದಿದ್ದೆ. ಟ್ರೇಲರ್ ಕುಣಿಯುತ್ತದೆಂದು ನಾವೂ ಕುಣಿದರೆ ಕತೆ ಅಲ್ಲಿಗೇ ಮುಗಿಯಿತು. ಪಿಕಪ್ಪಿನ ಬ್ರೇಕ್ ಒತ್ತಿದರೆ ಮುಂದಿನದು ನಿಲ್ಲುತ್ತದೆ, ಹಿಂದಿನದು ನಿಲ್ಲುವುದಿಲ್ಲ. ಮಡಚುವ ಚಾಕುವಿನಂತೆ ಬಂದು ನಮ್ಮನ್ನೇ ಹೊಡೆಯುತ್ತದೆ.

"ಕಾರನ್ನ ಹೇಗೆ ಏರಿಸಿದೀಯೋ?" ಎಂದೆ.

"ರಿವರ್ಸಲ್ಲಿ."

"ಯಾಕೆ?"

"ಪ್ರದರ್ಶನದಲ್ಲಿ ಬಾಗಿಲು ತೆಗೆದ ತಕ್ಷಣ ಮೂತಿ ಮುಂದಾಗಿ ಇಳೀಬೇಕು. ಜನ ನಿಂತಿರ್ತಾರೆ. ಫೋಟೋ ತೆಗೀತಾರೆ."

ಅಂದರೆ ಆ ಕಬ್ಬಿಣದ ಎಂಜಿನ್ ಪೂರ್ತಿ ಟ್ರೇಲರಿನ ಹಿಂಬಾಗಿಲಿಗೆ ಅಂಟಿಕೊಂಡಿತ್ತು. ಭಾರ ಟ್ರೇಲರಿನ ಚಕ್ರಗಳಿಗಿಂತ ಮುಂದೆ ಕೂತು, ಪಿಕಪ್ಪಿಗೆ ಸಿಕ್ಕಿಸಿದ ಕೊಂಡಿಯನ್ನು ಒತ್ತಬೇಕು. ಇಲ್ಲಿ ಹಿಂದೆ ಕೂತು ಕೊಂಡಿಯನ್ನು ಮೇಲಕ್ಕೆತ್ತುತ್ತಿತ್ತು. ನಾಲ್ಕು ಜನರ ಫೋಟೋಗೋಸ್ಕರ ಇವನು ಬೆನ್ನಿಗೆ ಲೋಲಕ ಕಟ್ಟಿಕೊಂಡು ಬಂದಿದ್ದ. ಅಷ್ಟರ ಮೇಲೆ, ಜಾಹೀರಾತಿನಲ್ಲಿ ಈ ಪಿಕಪ್ಪು ಇದರ ಎರಡರಷ್ಟು ಎಳೆಯುತ್ತೆ ಅಂದಿದ್ದರು ಎಂದು ನನಗೇ ಪಾಠ ಹೇಳಿದ.

"ಎಳೆಯೋದು ಎಳೆಯುತ್ತಪ್ಪ," ಎಂದೆ. "ಹಿಡ್ಕೊಳ್ಳುತ್ತೆ ಅಂದಿದ್ರಾ?"

ಪಿಕಪ್ಪಿನ ಹಿಂಚಕ್ರಗಳು ಪಕ್ಕಕ್ಕೆ ಜಾರಿದವು. ಬಲಗಡೆ ಕಂದಕ. ಎಡಗಡೆ ಇನ್ನೊಂದು ಲಾರಿ, ಹಾರ್ನ್ ಮೇಲೆ ಹಾರ್ನ್.

ಉಳಿದಿದ್ದ ದಾರಿ ಒಂದೇ. ಡ್ಯಾಶ್‌ಬೋರ್ಡಿನ ಕೆಳಗೆ ನನ್ನ ಬಲಮೊಣಕಾಲಿನ ಹತ್ತಿರ ಪುಟ್ಟ ಡಬ್ಬವೊಂದಿತ್ತು. ಅದರ ಹಿಡಿ ಅದುಮಿದರೆ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯುತ್ತದೆ. ಹಿಂದಿನದು ಹಿಂದಕ್ಕೆ ಎಳೆಯುತ್ತದೆ, ದಾರ ಬಿಗಿದ ಹಾಗೆ ಎಲ್ಲ ನೆಟ್ಟಗಾಗುತ್ತದೆ. ಕೈ ಕೆಳಗಿಳಿಸಿದೆ.

ನಳಿಗೆ ತಲೆಬುರುಡೆಗೆ ಒತ್ತಿತು. "ಕೈ ಮೇಲೆ! ಕೆಳಗೆ ಏನಿಟ್ಟಿದೀಯ?"

"ನಿನ್ನ ಗಾಡಿ ಕಣೋ ಇದು. ಕೆಳಗೆ ಏನಿದೆ ಅಂತ ನನ್ನ ಕೇಳ್ತೀಯಾ?"

"ಕೈ ಮೇಲೆ ಅಂದೆ."

ಎತ್ತಿದೆ. ಎರಡೂ ಕೈ ಸ್ಟಿಯರಿಂಗಿನ ಮೇಲೆ. ಟ್ರೇಲರ್ ಈಗ ನಮ್ಮ ಲೇನಿನ ಎರಡು ಗೆರೆಗಳನ್ನೂ ದಾಟಿ ತೂಗುತ್ತಿತ್ತು.

"ಸರಿ, ನೀನೇ ಅದುಮು. ಸೀಟುಗಳ ಮಧ್ಯೆ ಬಗ್ಗು. ಒಂದು ಕೈಲಿ ಸೀಟ್ ಗಟ್ಟಿಯಾಗಿ ಹಿಡ್ಕೋ, ಇನ್ನೊಂದು ಕೈಲಿ ಆ ಹಿಡಿ. ಮೂರನೇ ಕೈ ಇದ್ರೆ ಪಿಸ್ತೂಲ್ ಇಟ್ಕೋ."

ಅವನು ಕನ್ನಡಿ ನೋಡಿದ. ಬಹುಶಃ ಆ ದಿನ ಮೊದಲ ಸಲ.

ಪಿಸ್ತೂಲು ಪಕ್ಕದ ಸೀಟಿಗೆ ಬಿತ್ತು.

ಹಿಡಿ ಅದುಮಿದ. ಏನೂ ಆಗಲಿಲ್ಲ. ಬ್ರೇಕ್ ಜಗ್ಗುತ್ತೆ ಅಂತ ಇದರ ತಿರುಪನ್ನು ಸೊನ್ನೆಗೆ ಇಟ್ಟಿದ್ದೆ ಎಂದು ತೊದಲಿದ. ತಿರುಗಿಸು ಎಂದೆ. ತಿರುಗಿಸಿದ. ಮತ್ತೆ ಅದುಮಿದ. ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದಂತಾಯಿತು. ಒಂದು ತೂಗು... ಅದಕ್ಕಿಂತ ಚಿಕ್ಕದು ಇನ್ನೊಂದು... ಆಮೇಲೆ ಟ್ರೇಲರ್ ತೆಪ್ಪಗೆ ಹಿಂದೆ ಬಂತು.

ವೇಗ ಮೂವತ್ತಕ್ಕಿಳಿದಾಗ ನಾನು ಪಿಸ್ತೂಲನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಅವನು ನೋಡಿದ. ಹಿಡಿ ಬಿಡಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಮುಂದಿನ ಹೊರದಾರಿಯಲ್ಲಿ ಇಳಿದು, ಮುಚ್ಚಿಹೋದ ಬಂಕಿನ ಗೋಡೆಯ ಮರೆಯಲ್ಲಿ ನಿಲ್ಲಿಸಿದೆ. ಕೀ ನನ್ನ ಜೇಬಿಗೆ. ಕೆಂಪು ಕಾರನ್ನು ನಾನೇ ಇಳಿಸಿದೆ. ತಿರುಗಿಸಿ, ಮೂತಿ ಒಳಗೆ ಮಾಡಿ, ಪಿಕಪ್ಪಿನ ಹಿಂಭಾಗ ಎರಡು ಬೆರಳಷ್ಟು ಕುಸಿಯುವವರೆಗೆ ಮುಂದಕ್ಕೆ ತಂದೆ. ಸಾಕೆನ್ನಿಸುವಷ್ಟು ಕುಸಿತ, ಮುಂಚಕ್ರ ನೆಲ ಬಿಡುವಷ್ಟಲ್ಲ. ನಾಲ್ಕೂ ಮೂಲೆಗೆ ಪಟ್ಟಿ ಬಿಗಿಯುವ ಕೆಲಸ ಕೋಲ್ಟರಿಗೆ ಕೊಟ್ಟೆ. ಬಿಗಿದ. ಅಲ್ಲಾಡಿಸಿ ನೋಡು ಎಂದೆ. ನೋಡಿದ. ಇಷ್ಟಾದ ಮೇಲೂ, ನಾಳೆ ಅಂತ್ಯಕ್ರಿಯೆ ಮುಗಿಸಿಕೊಂಡು ಪ್ರದರ್ಶನಕ್ಕೆ ಹೋಗಬಹುದಾ ಎಂದು ಕೇಳಿದ. ಹಿಂಬಾಗಿಲು ಹಾಕು ಎಂದೆ. ಹಾಕಿದ.

ಲಾರಮಿಯವರೆಗೆ ವೇಗ ಐವತ್ತೈದು ದಾಟಲಿಲ್ಲ. ದನ ಸಾಗಿಸುವ ಗಾಡಿಗಳೂ ನಮ್ಮನ್ನು ಹಿಂದೆ ಹಾಕಿ ಹೋದವು.

ಒಲೀಟಾ ಅಂಗಳದಲ್ಲೇ ಕಾಯುತ್ತಿದ್ದಳು. ಹಿಂಬಾಗಿಲು ತೆಗೆಸಿ, ಒಳಗೆ ಹತ್ತಿ, ಗಂಡನ ಕಾರಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು. ಒಂದು ಗೀರೂ ಇರಲಿಲ್ಲ. ಇಳಿದು ಬಂದು ಕೋಲ್ಟರನ ಕೆನ್ನೆಗೊಂದು ಬಾರಿಸಿದಳು. ಆಮೇಲೆ, ಒಳಗೆ ಹೋಗಿ ಊಟ ಮಾಡು ಅಂದಳು.

ಅವನು ಕೆನ್ನೆ ಸವರಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿದ. "ಈ ಯಮ್ಮ ಇಲ್ದಿದ್ರೆ ನಾನಿವತ್ತು ಸತ್ತೇ ಹೋಗ್ತಿದ್ದೆ ದೊಡ್ಡಮ್ಮ. ನನ್ನ ಜೀವ ಉಳಿಸಿದ್ರು."

ಪಿಸ್ತೂಲನ್ನು ಒಲೀಟಾಳ ಕೈಗೆ ಕೊಟ್ಟೆ.

"ನಾನು ಉಳಿಸಿದ್ದು ಕಾರನ್ನ," ಎಂದೆ. "ಇವನು ಅದೇ ಗಾಡೀಲಿದ್ದ."