ಬಿ.ಕಾಂ. ಹುಡುಗಿ ಓದಿದ ಖಾತೆ

"ಮೊದಲು ಆ ಪೆನ್ಸಿಲ್ ತಗೀರಿ!"

ಯಮನೂರಮ್ಮ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡಳು.

ಗಂಗಾವತಿಯ ಹೇಮಪ್ಪ ಸಾವ್ಕಾರರು ಭತ್ತದ ದಲಾಲಿ ನಡೆಸುವ ಅಡತಿ ಅಂಗಡಿ ಅದು. ಸುತ್ತಲೂ ಚೀಲಗಳ ಒಟ್ಟಿಲು. ಗಾದಿಯ ಮೇಲೆ ಕೆಂಪು ಬಟ್ಟೆಯ ರಟ್ಟಿನ ದಪ್ಪ ಖಾತೆ ಪುಸ್ತಕ. ಆ ಪುಸ್ತಕದ ಮೇಲೆ ಅಡ್ಡ ಚಾಚಿದ ಒಂದು ಗಂಡಸಿನ ಕೈ... ಬೆರಳ ತುದಿಗೆಲ್ಲ ಶಾಯಿ ಮೆತ್ತಿತ್ತು.

"ಯಾಕ್ರಿ? ನಿಮ್ಮ ಆಸ್ತಿ ಬರಕೊಂಡು ಹೊಂಟೀನೇನು? ಬರೇ ಒಂದು ಗುರುತು ಹಾಕಾಕತ್ತಿದ್ದೆ!"

"ಖಾತಿಗೆ ಪೆನ್ಸಿಲ್ ಮುಟ್ಟಸಂಗಿಲ್ರಿ. ಅಳಿಸಾಕ ಬರೋವಂಥದ್ದು ಇದರಾಗ ಏನೂ ಇರಬಾರದು."

ಮಾತು ಮೆತ್ತಗಿತ್ತು, ಕೈ ಮಾತ್ರ ಸರಿಯಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಅವನೂ ನೋಡಿದ. ಇಬ್ಬರಲ್ಲಿ ಯಾರೂ ಮೊದಲು ಕಣ್ಣು ತಗ್ಗಿಸಲು ತಯಾರಿರಲಿಲ್ಲ.

ಅವನು ವೆಂಕೋಬ, ಅಂಗಡಿಯ ಗುಮಾಸ್ತ. ಊರು ತಳಕಲ್. ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು. ಅಂಕಿಗಳ ಉದ್ದ ಸಾಲಿನ ಮೇಲೆ ಹೆಬ್ಬೆರಳು ಇಳಿಸುತ್ತ ಮೊತ್ತವನ್ನು ಬಾಯಲ್ಲೇ ಕೂಡಿ ಹೇಳುವುದರಲ್ಲಿ ಅವನನ್ನು ಮೀರಿಸುವವರು ಆ ಬಜಾರಿನಲ್ಲಿ ಇರಲಿಲ್ಲ.

ಇವಳು ಇರಕಲ್ಲಗಡದ ಹುಡುಗಿ. ಗಂಗಾವತಿಯಲ್ಲಿ ಸೋದರತ್ತೆ ದುರುಗವ್ವನ ಮನೆಯಲ್ಲಿದ್ದು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಳು. 1983ರಲ್ಲಿ ಆ ತರಗತಿಗೆ ಮೂರೇ ಹುಡುಗಿಯರು. ಅಕೌಂಟೆನ್ಸಿಯಲ್ಲಿ ಮೊದಲ ಸ್ಥಾನ ಇವಳದೇ, ಮತ್ತು ಅದನ್ನು ಯಾರೂ ಇವಳಿಗೆ ನೆನಪಿಸಬೇಕಾಗಿರಲಿಲ್ಲ!

ಕಾಲೇಜಿನ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ಒಂದು ಅಂಗಡಿಗೆ ಹೋಗಬೇಕು, ದೀಪಾವಳಿಯಿಂದ ದೀಪಾವಳಿವರೆಗಿನ ಒಂದು ವರ್ಷದ ಲೆಕ್ಕ ನೋಡಬೇಕು, ಅದರಿಂದ ಎರಡೂ ಬದಿಯ ಬಾಕಿ ಕೂಡಿ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ತಯಾರಿಸಬೇಕು. ಕಾಲೇಜಿನ ಪತ್ರ ಕಂಡು ಹೇಮಪ್ಪ ಒಪ್ಪಿಕೊಂಡಿದ್ದರು.

"ತಿಳೀದಿದ್ರ ಕೇಳ್ರಿ," ಎಂದ ವೆಂಕೋಬ ಕೊನೆಗೂ ಕೈ ಸರಿಸುತ್ತ.

"ನನಗ ಲೆಕ್ಕ ಬರತೈತ್ರಿ," ಎಂದಳು ಯಮನೂರಮ್ಮ.

ಕೆಟ್ಟದ್ದು ಅಲ್ಲೇ ನೋಡಿ! ಆ ಒಂದು ಮಾತು ಆಡಿದ ಮೇಲೆ ಇನ್ನು ಅವನನ್ನು ಕೇಳುವುದುಂಟೇ? ಕೇಳಿದರೆ ಬಿ.ಕಾಂ. ಹುಡುಗಿಯ ಮಾನ ಏನಾಗಬೇಕು?

ಖಾತೆಯ ಪ್ರತಿ ಪುಟದ ಮೇಲೆ ಒಂದು ಹೆಸರು. ಕೆಳಗೆ ಎಡ, ಬಲ ಎಂದು ಎರಡು ಭಾಗ. ತಾರೀಖು, ಕಿರ್ದಿಯ ಪುಟ, ಮೊತ್ತ. ದಿನದ ಲೆಕ್ಕ ಬರೆಯುವ ಆ ಕಿರ್ದಿಯಲ್ಲಿ ವಿವರ ಇರುತ್ತಿದ್ದುದರಿಂದ ಖಾತೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಅವಳಿಗೆ ಪಾಠ ಬಾಯಿಪಾಠವಾಗಿತ್ತು. ತಗೊಂಡವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಇಷ್ಟು ಗೊತ್ತಿದ್ದರೆ ಇನ್ನೇನು ಬೇಕು ಎಂದುಕೊಂಡು ಬರೆದುಕೊಳ್ಳತೊಡಗಿದಳು.

ಮೂರು ವಾರ ಹೀಗೇ ನಡೆಯಿತು. ಕಾಲೇಜು ಬಿಟ್ಟ ಮೇಲೆ ನೇರ ಅಂಗಡಿಗೆ. ಎರಡನೇ ದಿನಕ್ಕೇ ಫ್ಯಾನಿನ ಕೆಳಗಿನ ಜಾಗ ಅವಳಿಗಾಗಿ ಖಾಲಿ ಇರತೊಡಗಿತು. ಮೂರನೇ ದಿನ ಹಮಾಲರ ಚಹದ ಜೊತೆ ಅವಳಿಗೂ ಒಂದು ಕಪ್ಪು ಬಂತು.

ಒಂದು ಸಂಜೆ ಅವನು ಕೇಳಿದ, "ಇವತ್ತು ಏನು ಕಲಿಸಿದ್ರಿ?"

"ಸವಕಳಿ. ಒಂದು ಎತ್ತು ತಂದ್ವಿ ಅನ್ಕೋರಿ. ವರ್ಷಾ ವರ್ಷಾ ಅದಕ್ಕ ವಯಸ್ಸಾಗತೈತಿ, ಬೆಲೆ ಕಡಿಮಿ ಆಗತೈತಿ. ಆ ಕಡಿಮಿ ಆದದ್ದನ್ನ ಲೆಕ್ಕದಾಗ ಬರೀಬೇಕು."

ವೆಂಕೋಬನಿಗೆ ನಗು ತಡೆಯಲಾಗಲಿಲ್ಲ. "ಎತ್ತಿಗೆ ವಯಸ್ಸಾತು ಅಂತ ಬರೀತಾರೇನ್ರಿ? ನಮ್ಮ ಸಾವ್ಕಾರ್ರಿಗೂ ಬರೀಬೇಕಾ ಹಂಗಾದ್ರ?"

"ಮೆತ್ತಗ! ಕೇಳಿಸ್ಕೊಂಡಾರು!" ಎಂದು ಅವಳೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

'ಎಷ್ಟು ಛಲೋ ನಗ್ತಾನ ಇಂವ...' ಎಂದು ಮನಸ್ಸು ಹೇಳಿತು. ಆ ಸಂಜೆ ಮನೆಗೆ ಹೋಗುವಾಗ ದಾರಿ ಬೇಗ ಮುಗಿದುಹೋಯಿತಲ್ಲ ಎಂದು ಅವಳಿಗೆ ಬೇಸರವಾಯಿತು.

ಮಾತು ಬೆಳೆಯಿತು. ಅವನ ಅವ್ವನ ಸುದ್ದಿ, ಅವಳ ಊರಿನ ಸುದ್ದಿ, ಬಜಾರಿನ ಸುದ್ದಿ. ಭತ್ತ ಬೆಳೆಗಾರರ ಹೊಸ ಸಂಘಕ್ಕೆ ಕಾರ್ಯದರ್ಶಿ ಬೇಕಂತೆ, ತಾನೂ ಅರ್ಜಿ ಹಾಕಿದ್ದೇನೆ ಎಂದು ಅವನು ಸಂಕೋಚದಿಂದ ಹೇಳಿದ. ಎಲ್ಲ ಮಾತಾಡಿದರು. ಎಡ ಬಲದ ಮಾತೊಂದು ಬಿಟ್ಟು!

"ನನಗ ದುಡಿದ ಪಗಾರ ಬಿಟ್ಟು ಮಂದಿದು ಒಂದು ಪೈಸೆ ಬ್ಯಾಡ್ರಿ," ಎಂದಿದ್ದ ಒಮ್ಮೆ. ಅವಳಿಗೆ ಆ ಮಾತು ಭಾಳ ಹಿಡಿಸಿತ್ತು.

ಹಾಗಿರುವಾಗಲೇ ಒಂದು ಮಧ್ಯಾಹ್ನ ಪುಟ ತಿರುವುತ್ತಿದ್ದವಳ ಬೆರಳು ನಿಂತುಬಿಟ್ಟಿತು. ಪುಟದ ನೆತ್ತಿಯಲ್ಲಿ 'ವೆಂಕೋಬ ಗುಮಾಸ್ತ' ಎಂದಿತ್ತು. ಎಡಕ್ಕೆ ಮೊದಲು ಹಿಂದಿನ ವರ್ಷದ ಬಾಕಿ ಸಾವಿರದ ನೂರು, ಅದರ ಕೆಳಗೆ ಪ್ರತಿ ತಿಂಗಳೂ ನೂರು, ನೂರು, ನೂರು... ಹನ್ನೆರಡು ತಿಂಗಳು. ಬಲಭಾಗ ಖಾಲಿ.

ಎಡಕ್ಕೆ ಡೆಬಿಟ್. ತಗೊಂಡವನಿಗೆ ಡೆಬಿಟ್.

ಎರಡು ಸಾವಿರದ ಮುನ್ನೂರು ರೂಪಾಯಿ ತಗೊಂಡಾನೆ! ಒಂದು ರೂಪಾಯಿಯೂ ತಿರುಗಿ ಕೊಟ್ಟಿಲ್ಲ! ಮಂದಿದು ಒಂದು ಪೈಸೆ ಬ್ಯಾಡ ಅಂತ ನನ್ನ ಮುಂದೆ ಹೇಳಿದ್ದೆಲ್ಲ ಬರೀ ಬಣ್ಣವೇ?

"ಯಾಕ್ರಿ, ಮಾರಿ ಸಣ್ಣ ಮಾಡೀರಿ?" ಎಂದ ವೆಂಕೋಬ.

"ಏನಿಲ್ರಿ. ನನ್ನ ಕೆಲಸ ಮುಗೀತು," ಎಂದು ಎದ್ದು ಬಂದುಬಿಟ್ಟಳು. ದಾರಿಯುದ್ದಕ್ಕೂ ಕಣ್ಣು ಮಂಜಾಗಿತ್ತು.

ಅವಳ ನಸೀಬು ನೋಡಿ, ಮರುದಿನವೇ ವೆಂಕೋಬನ ತಾಯಿ ಮುದುಕವ್ವ ತಳಕಲ್‌ನಿಂದ ಬಂದಿಳಿದಳು. ಬಸ್ ಸ್ಟ್ಯಾಂಡಿನ ಹತ್ತಿರ ದುರುಗವ್ವನ ಖಾನಾವಳಿ, ಊಟದ ಹೊತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಮುದುಕವ್ವ ಒಲೆಯ ಹತ್ತಿರ ಕುಳಿತು, "ನನ್ನ ಮಗ ನಿಮ್ಮ ಹುಡುಗಿನ್ನ ಮೆಚ್ಚ್ಯಾನವ್ವ. ನಿಮ್ಮ ಮನಸ್ಸು ಹೆಂಗೈತಿ?" ಎಂದು ಕೇಳಿದಳು.

ದುರುಗವ್ವನ ಮುಖ ಅರಳಿತು. "ಹುಡುಗ ಛಲೋ ಅದಾನ. ಏನಂತಿ ಯಮನೂರಿ?"

ನಿನ್ನೆಯಿಂದ ಒಳಗೇ ಕುದಿಯುತ್ತಿದ್ದುದೆಲ್ಲ ಹೊರಗೆ ಬಂತು.

"ಬ್ಯಾಡ ಅತ್ತಿ! ಅವನ ಖಾತಿ ನಾನ ನೋಡೀನಿ. ತಿಂಗಳಾ ತಿಂಗಳಾ ಅಂಗಡಿ ರೊಕ್ಕ ಎತ್ತ್ಯಾನ, ಎರಡು ಸಾವಿರದ ಮುನ್ನೂರು! ಅಂಥವನ್ನ ನಾ ಒಲ್ಲೆ!"

ಖಾನಾವಳಿಯಲ್ಲಿ ಕೈಗಳು ತಾಟಿನಲ್ಲೇ ನಿಂತವು. ಮೂಲೆಯಲ್ಲಿ ಉಣ್ಣುತ್ತಿದ್ದ ಪಂಪಣ್ಣ ತಲೆಯೆತ್ತಿ ನೋಡಿದ. ಬೆಳೆಗಾರರ ಸಂಘದ ಅಧ್ಯಕ್ಷ ಅವನೇ. ಮುದುಕವ್ವ ಸೆರಗು ಹೊದ್ದುಕೊಂಡು ಎದ್ದು ಹೋದಳು.

ಮಾತು ಸಂಜೆಯೊಳಗೆ ಬಜಾರೆಲ್ಲ ಸುತ್ತಿತು. ಪಂಪಣ್ಣ ಹೋಗಿ ವಿಚಾರಿಸಿದರೆ ಹೇಮಪ್ಪ, "ಅಂಗಡಿ ಒಳಗಿನ ಮಾತು, ನಾ ಏನು ಹೇಳಲಿ ಬಿಡ್ರಿ," ಎಂದು ಗಲ್ಲ ತುರಿಸಿಕೊಂಡರು. ಇಂಥ ಚುರುಕಿನ ಗುಮಾಸ್ತನನ್ನು ಸಂಘಕ್ಕೆ ಕಳಿಸಿಕೊಟ್ಟು ತಾವು ಪರದಾಡಲು ಅವರಿಗೇನು ಹುಚ್ಚೇ? ವೆಂಕೋಬ ಮಾತ್ರ, "ನಾ ಯಾರ ರೊಕ್ಕಾನೂ ಎತ್ತಿಲ್ರಿ. ಖಾತಿ ಸಾವ್ಕಾರ್ರದು. ಅದನ್ನ ಬಗಲಾಗ ಇಟ್ಕೊಂಡು ಮನಿ ಮನಿ ತೋರ್ಸಾಕ ನನಗ ಅಧಿಕಾರ ಇಲ್ರಿ. ತೋರಸ್ರಿ ಅಂತ ಅವರನ್ನ ನೀವ ಕೇಳಿ ನೋಡ್ರಿ," ಎಂದ. ಗುರುವಾರ ನಡೆಯಲಿದ್ದ ಸಂಘದ ಸಭೆಯಲ್ಲಿ ಅವನ ಅರ್ಜಿ ಬಿದ್ದುಹೋಗುವುದು ಖಾತ್ರಿಯಾಯಿತು.

ಬುಧವಾರ ಮಧ್ಯಾಹ್ನ. ಖಾನಾವಳಿ ಖಾಲಿಯಾಗಿತ್ತು. ಯಮನೂರಮ್ಮ ಟ್ರಯಲ್ ಬ್ಯಾಲೆನ್ಸ್ ಮಾಡಲು ಕುಳಿತಳು. ಎಡದ ಬಾಕಿ ಎಡಕ್ಕೆ, ಬಲದ ಬಾಕಿ ಬಲಕ್ಕೆ ಇಳಿಸಿದಳು. ಕಿರ್ದಿಯಲ್ಲಿ ಕೊನೆಗೆ ಉಳಿದಿದ್ದ ನಗದು 1,835 ರೂಪಾಯಿಯನ್ನು ಡೆಬಿಟ್‌ಗೆ ಸೇರಿಸಿ ಕೂಡಿದಳು.

ತಾಳೆಯಾಗಲಿಲ್ಲ. ವ್ಯತ್ಯಾಸ 3,670.

ಮತ್ತೆ ಕೂಡಿದಳು. ಅದೇ 3,670!

ಮೇಷ್ಟ್ರು ಹೇಳಿಕೊಟ್ಟದ್ದು ನೆನಪಾಯಿತು. ವ್ಯತ್ಯಾಸವನ್ನು ಅರ್ಧ ಮಾಡಿ ನೋಡಿ, ಅಷ್ಟೇ ಮೊತ್ತ ಎಲ್ಲೋ ತಪ್ಪು ಬದಿಗೆ ಕೂತಿರುತ್ತದೆ. ಅರ್ಧ ಮಾಡಿದಳು. 1,835.

ನಗದು! ನಗದು ತಪ್ಪು ಬದಿಗೆ ಕೂತಿದೆಯೇ? ಸಾಧ್ಯವೇ ಇಲ್ಲ. ಕೈಯಲ್ಲಿರುವ ರೊಕ್ಕ ಡೆಬಿಟ್‌ಗೇ ಇರಬೇಕು. ನಗದು ಸರಿಯಿದ್ದರೆ... ಉಳಿದದ್ದೆಲ್ಲ?

ತನ್ನ ಪಟ್ಟಿಯಲ್ಲಿ ಒಂದು ಹೆಸರು ಹುಡುಕಿದಳು. 'ದುರುಗವ್ವ ಖಾನಾವಳಿ, ಬಲಕ್ಕೆ, 410.'

"ಅತ್ತೀ! ಹೇಮಪ್ಪ ಸಾವ್ಕಾರ್ರು ನಿನಗ ನಾನೂರಾ ಹತ್ತು ರೂಪಾಯಿ ಕೊಡಬೇಕೇನು?"

ಪಾತ್ರೆ ತಿಕ್ಕುತ್ತಿದ್ದ ದುರುಗವ್ವ ಗೊಳ್ಳನೆ ನಕ್ಕಳು. "ಅವರು ನನಗ ಕೊಡೋದು? ಅಕ್ಕಿ ತಂದದ್ದು ನಾ, ಕೊಡಬೇಕಾದಾಕಿನೂ ನಾನ. ನಾನೂರಾ ಹತ್ತು ರೂಪಾಯಿ, ಪೈಸೆ ಹೆಚ್ಚಿಲ್ಲ ಕಡಿಮಿ ಇಲ್ಲ. ಇಷ್ಟು ಓದಿ ಅದನ್ನ ತಿಳ್ಕೊಂಡಿಲ್ಲಾ?"

ಹೆಬ್ಬೆಟ್ಟು ಒತ್ತುವ ಅತ್ತೆಗೆ ಗೊತ್ತಿದ್ದದ್ದು ಬಿ.ಕಾಂ. ಸೊಸೆಗೆ ಗೊತ್ತಾಗಿರಲಿಲ್ಲ! ಈ ಅಂಗಡಿಗಳ ಖಾತೆಯಲ್ಲಿ ಜಮಾ ಇರುವುದೇ ಎಡಕ್ಕೆ. ಒಯ್ದದ್ದು ಬಲಕ್ಕೆ. ಅವಳ ಪುಸ್ತಕಕ್ಕೆ ಪೂರ್ತಿ ಉಲ್ಟಾ.

ಹಾಗಾದರೆ ವೆಂಕೋಬ ಒಂದು ಪೈಸೆಯೂ ಎತ್ತಿರಲಿಲ್ಲ. ತನ್ನ ಪಗಾರದಲ್ಲೇ ತಿಂಗಳಿಗೆ ನೂರು ಉಳಿಸಿ ಅಂಗಡಿಯಲ್ಲಿ ಇಟ್ಟಿದ್ದ.

'ಅಯ್ಯೋ ದೇವರೇ... ನಾ ಎಂಥಾ ಮಾತು ಅಂದುಬಿಟ್ಟೆ! ಅದೂ ಹೆತ್ತ ತಾಯಿ ಮುಂದೆ!'

ಅಳು ಉಕ್ಕಿ ಬಂತು. ಎರಡೇ ನಿಮಿಷ ಅತ್ತಳು. ಆಮೇಲೆ ಮುಖ ತೊಳೆದುಕೊಂಡಳು. ಮಂದಿಯ ಮುಂದೆ ಆಡಿದ ಮಾತನ್ನು ಮಂದಿಯ ಮುಂದೆಯೇ ತಿದ್ದಬೇಕಲ್ಲವೇ? ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

"ಅತ್ತಿ, ಸೆರಗು ಸಿಗಿಸು. ಪಂಪಣ್ಣಾರನ್ನ ಕರಕೊಂಡು ಹೇಮಪ್ಪ ಸಾವ್ಕಾರ್ರ ಅಂಗಡಿಗೆ ಹೋಗೂಣು. ನೀ ಹೋಗಿ ನಾನೂರಾ ಹತ್ತು ರೂಪಾಯಿ ಕೇಳು!"

ವಿಷಯ ತಿಳಿದ ದುರುಗವ್ವನಿಗೆ ಇಂಥ ಕೆಲಸ ಹಬ್ಬದೂಟ. ಅಂಗಡಿಯ ಕಟ್ಟೆ ಹತ್ತುವಾಗಲೇ ದನಿ ಏರಿಸಿದಳು. "ಹೇಮಪ್ಪಣ್ಣಾ, ನನ್ನ ನಾನೂರಾ ಹತ್ತು ಎಣಿಸಿಕೊಡು! ನಿನ್ನ ಖಾತಿ ಹಂಗ ಹೇಳತೈತಂತ!"

ಹಮಾಲರು ಚೀಲ ಇಳಿಸಿ ನಿಂತರು. ಗಾದಿಯ ತುದಿಯಲ್ಲಿದ್ದ ವೆಂಕೋಬ ಬರೆಯುವುದನ್ನು ನಿಲ್ಲಿಸಿದ.

"ನಿನಗೇನು ತಲಿ ಕೆಟ್ಟೈತೇನು? ನೀ ನನಗ ಕೊಡಬೇಕು!" ಎಂದರು ಹೇಮಪ್ಪ.

ಯಮನೂರಮ್ಮ ಮುಂದೆ ಬಂದಳು. "ಅತ್ತಿ ಬಾಕಿ ಬಲಕ್ಕ ಐತ್ರಿ ಸಾವ್ಕಾರ್ರ. ನಾ ಓದಿದ ಪುಸ್ತಕದಾಗ ಬಲಕ್ಕಿದ್ರ ಅಂಗಡಿ ಕೊಡಬೇಕು."

"ನಿನ್ನ ಪುಸ್ತಕ ಕಟ್ಟಿಡವ್ವ! ಇಲ್ಲೆ ಬಲಕ್ಕ ಇದ್ದದ್ದು ಮಂದಿ ಒಯ್ದದ್ದು, ಎಡಕ್ಕ ಇದ್ದದ್ದು ಮಂದಿ ಇಟ್ಟದ್ದು. ನಮ್ಮ ಅಜ್ಜನ ಕಾಲದಿಂದ ಹಿಂಗ ಬರ್ಕೋತ ಬಂದೀವಿ!"

"ಭಾಳ ಛಲೋ ಆತ್ರಿ. ವೆಂಕೋಬ ಅವರ ಎರಡು ಸಾವಿರದ ಮುನ್ನೂರು ಯಾವ ಕಡಿಗೆ ಐತ್ರಿ?"

ಹೇಮಪ್ಪ ಖಾತೆಯ ಕಡೆ ಕಣ್ಣು ಹಾಯಿಸಿದರು. ಪಂಪಣ್ಣ ಸಾವ್ಕಾರರ ಮುಖವನ್ನೇ ನೋಡುತ್ತಿದ್ದ.

"...ಎಡಕ್ಕ," ಎಂದರು ಹೇಮಪ್ಪ ಕೊನೆಗೆ. "ಅಂವ ಇಟ್ಟ ರೊಕ್ಕ ಅದು. ನಾನ ಅವಗ ಕೊಡಬೇಕು."

ಯಮನೂರಮ್ಮ ಪಂಪಣ್ಣನ ಕಡೆ ತಿರುಗಿದಳು. "ಕೇಳಿದ್ರಲ್ರಿ? ತಪ್ಪು ನಂದು. ನನಗ ತಿಳೀಲಿಲ್ಲ, ಕೇಳಾಕ ಸೊಕ್ಕು ಬಿಡಲಿಲ್ಲ. ಅವರು ಯಾರ ಪೈಸೆನೂ ಮುಟ್ಟಿಲ್ಲ. ಇದನ್ನ ನಾಳಿ ಸಭೆಯಾಗ ಬಂದು ಹೇಳಂದ್ರೂ ಹೇಳ್ತೀನಿ."

"ನೀ ಬರೋದು ಬ್ಯಾಡವಾ," ಎಂದ ಪಂಪಣ್ಣ. "ವೆಂಕೋಬಾ, ನಾಳಿ ನೀ ಬಾ. ನಿನ್ನ ಅರ್ಜಿ ಕೈಬಿಡಂಗಿಲ್ಲ."

ಪಂಪಣ್ಣ ಹೋದ. ದುರುಗವ್ವ ಹೇಮಪ್ಪನ ಹತ್ತಿರ ಕುಳಿತು, ತನ್ನ ನಾನೂರಾ ಹತ್ತನ್ನು ಇನ್ನೆರಡು ತಿಂಗಳು ಮುಂದೂಡಿಸಿಕೊಳ್ಳುವ ಮಾತು ತೆಗೆದಳು. ಚೀಲಗಳ ಒಟ್ಟಿಲ ಆಚೆ ಯಮನೂರಮ್ಮ, ವೆಂಕೋಬ ಇಬ್ಬರೇ ಉಳಿದರು.

ಈಗ ಅವಳಿಗೆ ತಲೆಯೆತ್ತಲು ಆಗಲಿಲ್ಲ. "ನಿಮ್ಮವ್ವನ್ನ ಭಾಳ ನೋಯಿಸಿದೆ. ತಳಕಲ್ಲಿಗೆ ಹೋಗಿ ಕಾಲು ಹಿಡಕೊಂಡು ತಪ್ಪಾತು ಅಂತೀನಿ."

"ನನ್ನ ಒಂದು ಮಾತು ಕೇಳಬೋದಿತ್ತಲ್ರಿ," ಎಂದ ವೆಂಕೋಬ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಕೇಳಬೇಕಿತ್ತು. ನಿಮ್ಮ ಮುಂದ ಸಣ್ಣಾಕಿ ಆಗ್ತೀನಿ ಅಂತ ಅಂಜಿಕಿ. ಬ್ಯಾರೆ ಯಾರರ ಆಗಿದ್ರ ಕೇಳ್ತಿದ್ದೆ..."

ಆ ಕೊನೆಯ ಮಾತು ಅವನಿಗೆ ನಾಟಿತು. ಒಂದು ಹೆಜ್ಜೆ ಹತ್ತಿರ ಬಂದು ಹೇಳಿದ, "ಆ ರೊಕ್ಕ ಯಾಕ ಇಟ್ಟೀನಿ ಗೊತ್ತೇನ್ರಿ? ನಾನೂ ಪಿ.ಯು.ಸಿ. ಮುಗಿಸಿ ಬಿ.ಕಾಂ. ಕಟ್ಟಬೇಕಂತ. ಸಂಘದ ಲೆಕ್ಕಾನೂ ನಿಮ್ಮ ಪುಸ್ತಕದ್ಹಂಗ ಬರೀಬೇಕಂತಾರ. ನನಗ ಅದು ಬರಂಗಿಲ್ಲ."

"ನಾ ಕಲಸ್ತೀನ್ರಿ!" ಎಂದಳು ಥಟ್ಟನೆ. ಆಮೇಲೆ ಮೆಲ್ಲಗೆ ಸೇರಿಸಿದಳು, "ನಿಮ್ಮ ಪದ್ಧತಿ ನೀವು ನನಗ ಕಲಸ್ರಿ. ಈ ಸಲ ತಿಳೀದಿದ್ರ ಕೇಳ್ತೀನಿ."

"ಕಲಿಯಾಕ ಭಾಳ ದಿನಾ ಹಿಡೀತಾವ್ರಿ..."

"ಹಿಡೀಲಿ."

"ಅವ್ವನ್ನ ಮತ್ತೊಮ್ಮೆ ಕೇಳಾಕ ಕಳಸ್ಲೇನು?"

"ಬ್ಯಾಡ್ರಿ. ಅವರು ಒಮ್ಮೆ ಬಂದು ಅಂಥಾ ಮಾತು ಕೇಳಿಸ್ಕೊಂಡು ಹೋಗ್ಯಾರ. ಈ ಸಲ ನಾನೂ ಅತ್ತಿನೂ ನಿಮ್ಮ ಮನಿಗೆ ಕೇಳಾಕ ಬರ್ತೀವಿ."

ವೆಂಕೋಬ ದಂಗಾಗಿ ನೋಡಿದ. "ಹೆಣ್ಣಿನ ಕಡ್ಯಾವ್ರು ಬಂದು ಕೇಳ್ತಾರೇನ್ರಿ? ಮಂದಿ ಏನಂದಾರು?"

ಯಮನೂರಮ್ಮ ಈಗ ಕಣ್ಣೆತ್ತಿ ನೋಡಿದಳು, ತುಂಬಿದ ಕಣ್ಣಲ್ಲೇ ನಕ್ಕಳು.

"ಮಂದಿ ಏನರ ಅನ್ಲಿ. ನೀವೇನಂತೀರಿ, ಅದನ್ನ ಹೇಳ್ರಿ."

"ಐತವಾರ ಬರ್ರಿ," ಎಂದ ವೆಂಕೋಬ. "ತಳಕಲ್‌ನಾಗ ನಾ ಬಸ್ಸಿಗೆ ಬಂದು ನಿಂತಿರ್ತೀನಿ."