ಇಪ್ಪತ್ತೊಂಬತ್ತನೆಯ ತಲೆ

ನವೆಂಬರ್ 27ರ ಬೆಳಿಗ್ಗೆ ಅಮೆರಿಕದ ಮೊಂಟಾನಾ ರಾಜ್ಯದ ಗ್ರೇಲಿಂಗ್ ಫೋರ್ಕ್‌ನ ವನ್ಯಜೀವಿ ಠಾಣೆ ಆಗಷ್ಟೇ ಬಾಗಿಲು ತೆರೆದಿತ್ತು. ಹೆದ್ದಾರಿ ಬದಿಯಲ್ಲಿ ಹೋಟೆಲ್ ನಡೆಸುವ ಇರ್ಮಾ ಸ್ಟಿಪಿಚ್ ಏಪ್ರನ್ ಮೇಲೆಯೇ ಕೋಟು ಏರಿಸಿಕೊಂಡು ಒಳಗೆ ನುಗ್ಗಿದಳು.

“ಡೆಲ್, ನಮ್ಮ ಮೇಯರ್ ಕಾಣ್ತಿಲ್ಲ.”

ಸಾರ್ಜೆಂಟ್ ಡೆಲ್ ಪಾಂಬ್ರನ್ ಕಾಫಿ ಲೋಟ ಕೆಳಗಿಟ್ಟ. ಊರಿನ ನಿಜವಾದ ಮೇಯರ್ ಕಾಣೆಯಾಗಿದ್ದರೆ ಅವನು ಲೋಟ ಖಾಲಿ ಮಾಡಿಯೇ ಏಳುತ್ತಿದ್ದ. ಇರ್ಮಾ ಹೇಳುತ್ತಿದ್ದದ್ದು ಟಗರಿನ ವಿಷಯ. ಅವಳ ಹೋಟೆಲ್‌ನ ಎದುರಿನ ಇಳಿಜಾರಿನಲ್ಲಿ ಕಾಡು ಕುರಿಗಳ ಹಿಂಡೊಂದಿತ್ತು. ಕಾಯಿಲೆಗೆ ಮುಕ್ಕಾಲು ಪಾಲು ಸತ್ತು ಉಳಿದ ಹಿಂಡು ಅದು. ಅಲ್ಲಿ ಬೇಟೆ ಸಂಪೂರ್ಣ ನಿಷಿದ್ಧ. ಹಿಂಡಿನ ಯಜಮಾನನಿಗೆ ಸುರುಳಿ ಸುತ್ತಿದ ಭಾರೀ ಕೊಂಬುಗಳು, ಎಡಗೊಂಬಿನ ತುದಿ ಮಾತ್ರ ಮುಕ್ಕಾಗಿತ್ತು. ಅವನಿಗೆ ಮೇಯರ್ ಎಂದು ಹೆಸರಿಟ್ಟವಳು ಇರ್ಮಾ.

“ಎಲ್ಲೋ ಮೇಲಕ್ಕೆ ಹತ್ತಿರಬಹುದು,” ಎಂದ ಪಾಂಬ್ರನ್.

“ಹೆಣ್ಣುಗಳನ್ನ ಬಿಟ್ಟು ಈ ಬೆದೆ ಕಾಲದಲ್ಲಿ ಅವನು ಎಲ್ಲಿಗೆ ಹತ್ತುತಾನಪ್ಪ? ಮೊನ್ನೆ ಗುಂಡಿನ ಸದ್ದು ಕೇಳಿದೆ. ಒಂದೇ ಢಮ್ ಅಲ್ಲ. ಎರಡು, ಒಂದರ ಬಾಲ ಇನ್ನೊಂದು ಹಿಡ್ಕೊಂಡ ಹಾಗೆ.”

“ಪ್ರತಿಧ್ವನಿ ಇರ್ಬೇಕು.”

“ಮೂವತ್ತು ವರ್ಷದಿಂದ ಅದೇ ಕಿಟಕಿ ಪಕ್ಕ ಮೊಟ್ಟೆ ಹುರೀತಿದೀನಿ. ಪ್ರತಿಧ್ವನಿ ಯಾವುದು, ಗುಂಡು ಯಾವುದು ಅಂತ ನನಗೆ ಹೇಳಿಕೊಡ್ಬೇಡ. ದೂರು ಬರ್ಕೋ.”

ಪಾಂಬ್ರನ್ ದೂರು ದಾಖಲಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಬರಲಿದೆ ಎಂದು ರೇಡಿಯೋ ಹೇಳುತ್ತಿತ್ತು. ಒಮ್ಮೆ ಹಿಮ ಕವಿದರೆ ವಸಂತದವರೆಗೂ ಸಾಕ್ಷ್ಯ ಸಿಗುವುದಿಲ್ಲ. ಅವನು ವಾರ್ಡನ್ ಟೆಸ್ ಓಸ್ಟ್‌ಬಿಯನ್ನು ಕರೆದ. ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಬೆಟ್ಟ ಹತ್ತುವುದೆಂದರೆ ಅವಳಿಗೆ ಹಬ್ಬ.

ಇಬ್ಬರೂ ಓಡುನಡಿಗೆಯಲ್ಲಿ ಹತ್ತಿದರು. ಟೆಸ್ ನಿಂತು ಮೇಲೆ ಕೈ ತೋರಿಸಿದಳು. ಬಂಡೆಗಳ ನಡುವೆ ಕಾಡುಕಾಗೆಗಳು ಏರಿಳಿಯುತ್ತಿದ್ದವು.

ಅಲ್ಲಿ ಮೇಯರನ ಉಳಿಕೆ ಸಿಕ್ಕಿತು. ತಲೆಯಿಲ್ಲ, ಚರ್ಮವಿಲ್ಲ, ಬೆನ್ನುಮೂಳೆ ಮತ್ತು ಪಕ್ಕೆಲುಬು ಮಾತ್ರ.

“ಮಾಂಸ ಒಂದು ಚೂರೂ ಬಿಟ್ಟಿಲ್ಲ ಸರ್. ಕೊಂಬಿನ ಕಳ್ಳರು ಹೀಗೆ ಮಾಡಲ್ಲ.”

“ಹೌದು. ಇವನು ಬೇಟೆ ಗೊತ್ತಿರೋನು, ಮರ್ಯಾದೆ ಇರೋನು. ಹಾಗಿದ್ರೆ ನಿಷೇಧದ ಜಾಗಕ್ಕೆ ಯಾಕೆ ಬಂದ?”

ಟೆಸ್ ತಂದಿದ್ದ ಲೋಹಶೋಧಕ ಬೆನ್ನುಮೂಳೆಯ ಬಳಿ ಕೀಚಲಿಟ್ಟಿತು. ಎಲುಬಿನೊಳಗೆ ತಾಮ್ರದ ತೆಳ್ಳಗಿನ ಗುಂಡೊಂದು ಹೂವಿನಂತೆ ಅರಳಿ ಕೂತಿತ್ತು. ಅದು ಹೊಕ್ಕಿದ್ದು ಮೇಲಿನಿಂದ ಕೆಳಕ್ಕೆ. ಹಿಮದ ಮೊದಲ ಹರಳುಗಳು ಬೀಳತೊಡಗಿದಾಗ ಟೆಸ್ ಇನ್ನೊಂದನ್ನು ಕಂಡಳು. ಟಗರು ನಿಂತಿದ್ದ ಜಾಗಕ್ಕಿಂತ ತುಸು ಮೇಲೆ, ಬಂಡೆಯ ಮೈಮೇಲೆ, ನಕ್ಷತ್ರದಂಥ ಹೊಸ ಬೂದು ಕಲೆ. ಅದು ಕೆಳಗಿನಿಂದ ಬಂದು ಬಡಿದ ಗುಂಡು.

“ಒಬ್ಬ ಕೆಳಗಿಂದ ಹೊಡೆದು ತಪ್ಪಿದ್ದಾನೆ. ಇನ್ನೊಬ್ಬ ಮೇಲಿಂದ ಹೊಡೆದು ಕೆಡವಿದ್ದಾನೆ,” ಎಂದ ಪಾಂಬ್ರನ್. “ಇರ್ಮಾ ಕಿವಿಗೆ ನಮಸ್ಕಾರ.”

ಕೊರೆಯುವ ಗಾಳಿಯಲ್ಲಿ ಮಹಜರು ಬರೆದು ಮುಗಿಸಿದರು. ಅವರು ಇಳಿಯುವಾಗ ಬೆನ್ನ ಹಿಂದೆ ಬೆಟ್ಟ ಬೆಳ್ಳಗಾಗುತ್ತಿತ್ತು.

ಮೊಂಟಾನಾದಲ್ಲಿ ಕಾಡು ಟಗರು ಹೊಡೆದವರು ಕೂಡಲೇ ತಲೆಯನ್ನು ಇಲಾಖೆಗೆ ತರಬೇಕು. ಅಲ್ಲಿ ಕೊಂಬು ಕೊರೆದು ಲೋಹದ ಮುದ್ರೆ ಕೂರಿಸಿ ಫೋಟೋ ತೆಗೆಯುತ್ತಾರೆ. ಆ ವಾರ ಪಕ್ಕದ ಕಚೇರಿಗೆ ಬಂದಿದ್ದು ಒಂದೇ ತಲೆ. ಫೋಟೋ ತೆರೆದ ಟೆಸ್ ಕುರ್ಚಿಯಿಂದ ಎದ್ದೇಬಿಟ್ಟಳು. ಎಡಗೊಂಬಿನ ತುದಿ ಮುಕ್ಕು. ತಂದವನು ರಾಯ್ಸ್ ಡಾಲ್‌ಕ್ವಿಸ್ಟ್. ಹೊಡೆದ ಜಾಗ ಎಂದು ತೋರಿಸಿದ್ದು ತೊರೆಯ ಪಶ್ಚಿಮಕ್ಕಿದ್ದ, ಬೇಟೆಗೆ ಅನುಮತಿಯಿರುವ ಬೆಟ್ಟ.

ಆ ಹೆಸರು ಕೇಳಿ ಪಾಂಬ್ರನ್‌ಗೆ ಖುಷಿಯಾಗಲಿಲ್ಲ. ಉತ್ತರ ಅಮೆರಿಕದ ದೊಡ್ಡ ಬೇಟೆ ಇಪ್ಪತ್ತೊಂಬತ್ತು ಬಗೆ ಎಂದು ಬೇಟೆಗಾರರ ಲೆಕ್ಕ. ಎಲ್ಲವನ್ನೂ ಪಡೆದವರು ಬೆರಳೆಣಿಕೆಯಷ್ಟು ಜನ. ವಿದ್ಯುತ್ ಇಲಾಖೆಯ ನಿವೃತ್ತ ಲೈನ್‌ಮನ್ ರಾಯ್ಸ್ ರಜೆಗಳನ್ನೆಲ್ಲ ಸುರಿದು, ನಲವತ್ತು ವರ್ಷಗಳಲ್ಲಿ ಇಪ್ಪತ್ತೆಂಟಕ್ಕೆ ಬಂದು ನಿಂತಿದ್ದ. ಬಾಕಿ ಇದ್ದದ್ದು ಮನೆಯಂಗಳದ ಟಗರು. ಅದಕ್ಕೆ ಲಾಟರಿಯಲ್ಲಿ ಪರವಾನಗಿ ಬರಬೇಕು. ಈ ವರ್ಷ ಕೊನೆಗೂ ಬಂದಿತ್ತು. ಶನಿವಾರ ಊರಿನ ಸಭಾಂಗಣದಲ್ಲಿ ಅವನಿಗೆ ಔತಣ ಏರ್ಪಾಡಾಗಿತ್ತು.

ರಾಯ್ಸ್‌ನ ಮನೆಯ ನಾಲ್ಕೂ ಗೋಡೆಗಳಿಂದ ಮೂಸ್, ಕ್ಯಾರಿಬೂ ಜಿಂಕೆ, ಬೆಟ್ಟದ ಮೇಕೆ, ಕಸ್ತೂರಿ ಎತ್ತುಗಳ ತಲೆಗಳು ಇಣುಕುತ್ತಿದ್ದವು. ಅವನು ಎಪ್ಪತ್ತರ ಆಳು, ಮೈಯೆಲ್ಲ ನರ. ಬಂದವರು ವಾರ್ಡನ್‌ಗಳು ಅನ್ನುವುದನ್ನೇ ಮರೆತು ಬೇಟೆಯ ಕತೆ ಶುರುಮಾಡಿದ.

“ತೊರೆ ದಂಡೇಲಿ ಬಿದ್ದ ಮರದ ಹಿಂದೆ ಕೂತಿದ್ದೆ ಡೆಲ್. ನೀರಿನ ಸದ್ದು ಬಿಟ್ರೆ ಏನಿಲ್ಲ. ತಲೆ ಎತ್ತಿ ನೋಡ್ತೀನಿ, ಬಂಡೆ ಮೇಲೆ ನಿಂತಿದಾನೆ, ರಾಜನ ಹಾಗೆ. ಎದೆ ಹೊಡೆದುಕೊಳ್ತಿದ್ದ ರಭಸಕ್ಕೆ ಬಂದೂಕೇ ಕುಣೀತಿತ್ತು. ಒತ್ತಿದೆ. ಬಿದ್ದ.”

“ನೀನು ಕೂತಿದ್ದು ಟಗರಿಗಿಂತ ಕೆಳಗೆ?”

“ಕೆಳಗೇ.”

“ತೊರೆ ಅಲ್ಲಿ ಎರಡು ಕವಲಾಗುತ್ತೆ. ನೀನಿದ್ದದ್ದು ಯಾವ ಕವಲು?”

“ಪೂರ್ವದ್ದು, ಗಡಿ. ಅದರ ಈಚೆಗೆ, ಪಶ್ಚಿಮದ ಕಡೆಗೆ ಹೊಡೆದೆ.”

“ಗಡಿ ಪಶ್ಚಿಮದ ಕವಲು ರಾಯ್ಸ್. ಎರಡರ ನಡುವಿನದೂ ನಿಷೇಧದ ಜಾಗವೇ.”

ರಾಯ್ಸ್ ನಕ್ಕ. ಆಮೇಲೆ ನಗು ನಿಲ್ಲಿಸಿ ಹೆಂಡತಿಯತ್ತ ತಿರುಗಿದ. “ನಕ್ಷೆ ವೆರಾ ಹತ್ರ ಇತ್ತು. ನೀನೇ ಅಲ್ವಾ ಹೇಳಿದ್ದು, ಪೂರ್ವದ ಕವಲು ಅಂತ?”

ಕಾಫಿ ಬಗ್ಗಿಸುತ್ತಿದ್ದ ವೆರಾ ತಲೆ ಎತ್ತಲಿಲ್ಲ. “ಹಾಗೇ ಓದಿದ ನೆನಪು.”

“ನೀವು ಎಲ್ಲಿದ್ರಿ?” ಪಾಂಬ್ರನ್ ಅವಳನ್ನು ಕೇಳಿದ.

“ಮೇಲೆ, ಬೆಟ್ಟದ ನೆತ್ತೀಲಿ. ದುರ್ಬೀನು ಹಿಡ್ಕೊಂಡು.”

ರಾಯ್ಸ್ ತಾನಾಗಿಯೇ ತನ್ನ ರೈಫಲ್ ತಂದು ಮೇಜಿನ ಮೇಲಿಟ್ಟ. ಪಾಂಬ್ರನ್ ನಳಿಕೆಯ ಬಾಯಿ ನೋಡಿದ. ಎಲುಬಿನಲ್ಲಿ ಸಿಕ್ಕ ಗುಂಡಿನ ಅರಳದೆ ಉಳಿದ ಬುಡ ಅದರೊಳಗೆ ಗಡಗಡ ಅಲ್ಲಾಡುವಷ್ಟು ಸಣ್ಣದು.

“ಮನೇಲಿ ಬೇರೆ ರೈಫಲ್ ಇದೆಯಾ?”

“ವೆರಾದು ಒಂದಿತ್ತು. ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕ್ಕೊಳ್ಳೋದು. ಬೇಸಿಗೇಲೇ ಮಾರಿಬಿಟ್ಟಳು. ಅಲ್ವೇನೇ?”

“ಮಾರಿದೆ,” ಎಂದಳು ವೆರಾ. ಕಾಫಿ ತಟ್ಟೆಗೆ ಚೆಲ್ಲಿತು.

ಮರುದಿನ ಹಿಮಗಾಳಿ ಬಿಡುವು ಕೊಟ್ಟಿತು. ಪಾಂಬ್ರನ್ ಆ ಮನೆಯ ಶೋಧನೆಯ ವಾರಂಟಿಗಾಗಿ ನ್ಯಾಯಾಧೀಶರ ಮುಂದೆ ನಿಂತ. ಟೆಸ್ ಲೋಹಶೋಧಕ ಹೊತ್ತು ವೆರಾ ಕೂತಿದ್ದ ನೆತ್ತಿಗೆ ಹತ್ತಿದಳು. ಅವನು ವಾರಂಟ್ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿಯುವಾಗ ರೇಡಿಯೋ ಸಿಡಿಯಿತು.

“ಸರ್, ಖಾಲಿ ತೋಟಾ ಸಿಕ್ತು. ಬಂಡೆ ಸಂದೀಲಿ ಬಿದ್ದಿತ್ತು. ಅಳತೆ ಎಲುಬಿನ ಗುಂಡಿಗೆ ಸರಿಯಾಗಿದೆ. ಇಲ್ಲಿಂದ ಟಗರು ಬಿದ್ದ ಜಾಗ ಅಂಗೈ ಹಾಗೆ ಕಾಣುತ್ತೆ, ನಾನ್ನೂರು ಗಜ.” ಅವಳು ಏದುಸಿರು ಬಿಡುತ್ತಿದ್ದಳು. “ಇನ್ನೊಂದು. ಕೆಳಗೆ ಅಣೆಕಟ್ಟಿನ ಹಿನ್ನೀರು ಕಾಣ್ತಿದೆ. ದಡದಲ್ಲಿ ಡಾಲ್‌ಕ್ವಿಸ್ಟ್ ಅವರ ಕೆಂಪು ಪಿಕಪ್ ನಿಂತಿದೆ. ವೆರಾ ಹೆಪ್ಪುಗಟ್ಟಿದ ನೀರಿನ ಮೇಲೆ ನಡ್ಕೊಂಡು ಹೋಗ್ತಿದಾರೆ. ಕೈಲಿ ಉದ್ದದ್ದೇನೋ ಇದೆ.”

“ಮಂಜುಗಡ್ಡೆ ಗಟ್ಟಿ ಇದೆಯಾ?”

“ಇದು ನವೆಂಬರ್ ಸರ್. ಇನ್ನೂ ಗಟ್ಟಿಯಾಗಿರಲ್ಲ.”

ಪಾಂಬ್ರನ್ ಸೈರನ್ ಹಾಕಿದ. ಹಿಮ ಮುಚ್ಚಿದ ತಿರುವುಗಳಲ್ಲಿ ಜೀಪು ಎರಡು ಸಲ ಅಡ್ಡಡ್ಡ ಜಾರಿತು. ಟೆಸ್ ಮೇಲಿನಿಂದ ವರದಿ ಒಪ್ಪಿಸುತ್ತಲೇ ಇದ್ದಳು. ನಿಂತಿದಾರೆ. ಮತ್ತೆ ನಡೀತಿದಾರೆ. ಕಪ್ಪು ಮಂಜುಗಡ್ಡೆ ಹತ್ರ ಬಂದ್ರು. ಕಪ್ಪು ಅಂದರೆ ತೆಳು. ಪಾಂಬ್ರನ್ ದಡದಲ್ಲಿ ಜೀಪು ನಿಲ್ಲಿಸುವಷ್ಟರಲ್ಲಿ ರೇಡಿಯೋದಲ್ಲಿ ಒಂದೇ ಮಾತು ಬಂತು: “ಬಿದ್ರು.”

ಗಡ್ಡೆ ಬಾಯಿಬಿಟ್ಟು ವೆರಾ ಸೊಂಟದವರೆಗೆ ಇಳಿದಿದ್ದಳು. ಆಳದಲ್ಲಿ ಮುಳುಗಿಸಲು ತಂದಿದ್ದ ರೈಫಲ್ ರಂಧ್ರಕ್ಕೆ ಅಡ್ಡವಾಗಿ ಬಿದ್ದಿತ್ತು. ಎರಡೂ ಕೈಗಳಿಂದ ಅದಕ್ಕೇ ಜೋತುಬಿದ್ದಿದ್ದಳು. ಪಾಂಬ್ರನ್ ಹಗ್ಗ ಬಂಪರಿಗೆ ಕಟ್ಟಿ ಹೊಟ್ಟೆಯ ಮೇಲೆ ತೆವಳಿದ. ಅವನ ಅಡಿಯಲ್ಲಿ ಗಡ್ಡೆ ಲಟಲಟ ಎನ್ನುತ್ತಿತ್ತು.

“ಹತ್ರ ಬರ್ಬೇಡ ಡೆಲ್. ಇಬ್ಬರೂ ಹೋಗ್ತೀವಿ.”

“ಮಾತಾಡ್ಬೇಡಿ. ಹಗ್ಗ ಕಂಕುಳಿಗೆ ಸುತ್ಕೊಳ್ಳಿ.”

“ಕೈ ಬಿಟ್ರೆ ಬಂದೂಕು ಹೋಗುತ್ತೆ. ನಿನಗೆ ಬೇಕಾಗಿದ್ದು ಅದೇ ತಾನೆ?”

“ಅದು ಹಾಳಾಗ್ಲಿ. ಸುತ್ಕೊಳ್ಳಿ.”

ಅವಳು ಒಂದು ಕೈಯಿಂದ ಹಗ್ಗ ಸುತ್ತಿಕೊಂಡಳು. ಪಾಂಬ್ರನ್ ಎಳೆದ, ಗಡ್ಡೆಯ ಅಂಚು ಮುರಿಯಿತು, ಮತ್ತೆ ಎಳೆದ. ಮೀನು ಎಳೆದಂತೆ ಅವಳು ಮೇಲೆ ಬಂದಳು. ಇನ್ನೊಂದು ಕೈ ರೈಫಲ್ಲನ್ನು ಬಿಟ್ಟಿರಲಿಲ್ಲ. ದಡ ಮುಟ್ಟಿದ ಮೇಲೆ ಅದನ್ನು ತಾನಾಗಿಯೇ ಅವನ ಕೈಗೆ ಕೊಟ್ಟಳು.

“ವೆರಾ ಡಾಲ್‌ಕ್ವಿಸ್ಟ್, ನಿಮ್ಮನ್ನ ಬಂಧಿಸ್ತಿದೀನಿ,” ಎಂದ ಪಾಂಬ್ರನ್, ಕಂಬಳಿ ಹೊದಿಸುತ್ತ.

ಠಾಣೆಯಲ್ಲಿ, ಹೀಟರ್ ಮುಂದೆ, ವೆರಾ ಹೇಳಿಕೆ ಕೊಟ್ಟಳು. ವಕೀಲರನ್ನು ಕರೆಸಬಹುದು ಎಂದು ಟೆಸ್ ಎರಡು ಸಲ ಹೇಳಿದರೂ ಬೇಡವೆಂದಳು.

“ನಕ್ಷೆ ನಾನು ಬೇಕಂತಲೇ ತಪ್ಪು ಓದಿದೆ. ಅವನಿಗೆ ಗೊತ್ತಿಲ್ಲ.”

“ಬಂದೂಕು?”

“ಮಾರಿರಲಿಲ್ಲ. ಚೀಲದಲ್ಲಿತ್ತು. ಅವನ ಸದ್ದು ಬಂದ ತಕ್ಷಣ ಒತ್ತಿದೆ. ಅವನು ಪ್ರತಿಧ್ವನಿ ಅಂದ್ಕೊಂಡ.”

“ಅವನ ಗುಂಡು ತಪ್ಪುತ್ತೆ ಅಂತ ಹೇಗೆ ಗೊತ್ತು?”

“ಅವನ ಕೈಲಿ ಈಗ ಲೋಟವೇ ನಿಲ್ಲಲ್ಲ.” ಅವಳು ಹೀಟರನ್ನೇ ನೋಡುತ್ತಿದ್ದಳು. “ಹೋದ ವರ್ಷ ಕೆನಡಾದ ಯೂಕಾನ್‌ನಲ್ಲಿ ಎದೆ ಹಿಡ್ಕೊಂಡು ಬಿದ್ದ. ವಿಮಾನ ಬರೋವರೆಗೂ ಗುಡಾರದಲ್ಲಿ ಅವನ ಉಸಿರು ಕೇಳ್ತಾ ಕೂತಿದ್ದೆ. ಇನ್ನೊಂದು ಬೆಟ್ಟ ಹತ್ತಿದ್ರೆ ಇಳಿಯಲ್ಲ ಅಂತ ಡಾಕ್ಟರ್ ಹೇಳಿದ್ರು. ಇದೊಂದು ಟಗರು ಆಗಲಿ, ನಿಲ್ಲಿಸ್ತೀನಿ ಅಂದ. ಅನುಮತಿ ಇರೋ ಬೆಟ್ಟದಲ್ಲಿ ಸೀಸನ್ ಪೂರ್ತಿ ಅಲೆದ್ವಿ, ಒಂದೂ ಸಿಗಲಿಲ್ಲ. ಈ ವರ್ಷ ಸಿಗದಿದ್ರೆ ಮುಂದಿನ ವರ್ಷ ಬೇರೆಲ್ಲಾದ್ರೂ ಮತ್ತೆ ಹತ್ತುತಾನೆ. ನನಗೆ ಆ ಇಪ್ಪತ್ತೊಂಬತ್ತು ಮುಗೀಬೇಕಿತ್ತು. ಅಷ್ಟೇ.”

ಬಾಗಿಲಲ್ಲಿ ರಾಯ್ಸ್ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ ಯಾರಿಗೂ ತಿಳಿಯಲಿಲ್ಲ.

“ನನ್ನ ಗುಂಡು ತಗಲಲೇ ಇಲ್ವಾ ಡೆಲ್?”

“ಇಲ್ಲ. ಮೇಲಿನ ಬಂಡೆಗೆ ಬಡಿದಿದೆ.”

“ಇವಳು ಎಷ್ಟು ದೂರದಿಂದ ಹೊಡೆದಳು?”

“ನಾನ್ನೂರು ಗಜ.”

“ಆ ಗಾಳೀಲಿ?” ರಾಯ್ಸ್ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಮುಖ ಒಂದು ಕ್ಷಣ ಅರಳಿ ಹಾಗೇ ಇಳಿಯಿತು. “ಹಾಗಾದ್ರೆ ನಂದು ಇನ್ನೂ ಇಪ್ಪತ್ತೆಂಟೇ.”

ಸಹಿ ಹಾಕುತ್ತಿದ್ದ ವೆರಾಳ ಕೈ ನಿಂತಿತು. “ಇಪ್ಪತ್ತೆಂಟು ಸಾಕು ಕಣೋ ರಾಯ್ಸ್,” ಎಂದಳು.

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ನಡುಗುವ ಕೈಗಳಿಂದ ಅವಳ ಒದ್ದೆ ಬೂಟಿನ ದಾರ ಬಿಚ್ಚತೊಡಗಿದ. ಗಂಟು ಹೆಪ್ಪುಗಟ್ಟಿತ್ತು. ತುಂಬಾ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಪಾಂಬ್ರನ್ ವರದಿ ಮುಗಿಸಿದ. ಅಪರಾಧದ ಉದ್ದೇಶ ಎಂಬಲ್ಲಿ ಒಂದೇ ಸಾಲು ಬರೆದ: ಗಂಡನನ್ನು ಬೆಟ್ಟದಿಂದ ಇಳಿಸಿಕೊಳ್ಳುವುದು.