ಹಾಡು ಕಟ್ಟಿದವನ ಹೆಸರು

"ನನ್ನ ಕಾಲ್ಗೆಜ್ಜೆಗೆ ಒಂದು ಹಾಡು ಬರೆದು ತನ್ನಿ ಅಂದ್ರೆ ಬೇಡಿ ಮೇಲೆ ಬರ್ಕೊಂಡು ಬಂದಿದೀರಲ್ಲ ಮಾರಾಯ್ರೇ!"

ಹಾರ್ಮೋನಿಯಂ ಮೇಲಿಂದ ಸೀತಾಲಕ್ಷ್ಮಿ ಕಣ್ಣೆತ್ತಿ ನೋಡಿದಳು. ವೆಂಕಟಾಚಲನಿಗೆ ಶ್ರುತಿ ತಪ್ಪಿತು. ವಾರಕ್ಕೆರಡು ಸಲ ಶಿವಮೊಗ್ಗದಿಂದ ರೈಲಿನಲ್ಲಿ ಭದ್ರಾವತಿಗೆ ಬಂದು ಅವಳಿಗೆ ಸಂಗೀತ ಹೇಳಿಕೊಡುವವನು ಅವನು. ಆದರೆ ಆ ಕಣ್ಣು ಮೇಲೆ ಬಿದ್ದಾಗಲೆಲ್ಲ ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂದು ಗೊತ್ತಾಗುತ್ತಿರಲಿಲ್ಲ.

"ಗೆಜ್ಜೆ ಮೇಲೆ ಎಲ್ರೂ ಬರೀತಾರೆ," ಎಂದ.

"ಎಲ್ರೂ ಬರೀಲಿ. ನನ್ನ ಗೆಜ್ಜೆ ಮೇಲೆ ನೀವು ಬರೀರಿ."

ಕೆನ್ನೆ ಕೆಂಪಾಯಿತು, ಅವಳದಲ್ಲ, ಅವನದು. ಅವಳು ತುಂಟತನದಿಂದ ರಾಗ ಎಳೆದು ಹಾಡಿದಳು:

ಕುಲುಮೆ ನಮ್ಮದು, ಕಬ್ಬಿಣ ನಮ್ಮದು,
ಬೇಡಿ ಯಾರ ಕಾಲಿಗೆ?

ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಮಾರಪ್ಪ ಕೊಡಲಿ ನಿಲ್ಲಿಸಿ ಮಾತು, ಹಾಡು ಎರಡನ್ನೂ ಕೇಳಿಸಿಕೊಂಡ. ಮನೆಗೆಲಸದ ಹುಲಿಗೆಮ್ಮನ ಮಗ. ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ. ಅದನ್ನೇ ಗುನುಗುತ್ತಾ ಮನೆಗೆ ಹೋದ.

ವೆಂಕಟಾಚಲ ಇಂಥ ಹಾಡು ಕಟ್ಟುತ್ತಾನೆಂಬುದು ಅವಳಿಗೆ ಬಿಟ್ಟರೆ ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ.

"ಮೇಷ್ಟ್ರೇ, ಈ ರಾಜಕೀಯ ಬಿಟ್ಬಿಡಿ. ಅಪ್ಪ ಕಾರ್ಖಾನೆ ಆಫೀಸಲ್ಲಿರೋರು. ಗೊತ್ತಾದ್ರೆ ನಿಮಗೆ ಮಗಳನ್ನ ಕೊಡ್ತಾರಾ?"

"ಮಗಳನ್ನ ಯಾರು ಕೇಳಿದ್ರು?"

"ನೀವೇ. ದಿನಾ ಕೇಳ್ತಿದೀರಿ. ಬಾಯಿ ಬಿಟ್ಟಿಲ್ಲ ಅಷ್ಟೇ."

ಅವನು ನಕ್ಕ. ಆಮೇಲೆ ಕೇಳಿದ: "ಊರೆಲ್ಲ ಸಂಕಟ ಪಡೋವಾಗ ಹಾಡೋನು ಕಿವಿ ಮುಚ್ಕೊಂಡು ಕೂರ್ಬೇಕಾ?"

"ಭಾಷಣ ಮಾಡೋರು ಬೇರೆ ಇದಾರೆ. ಹಾಡು ಹಾಡಾಗಿರಲಿ."

ವಾದ ಮಾಡಬಹುದಿತ್ತು. ಮಾಡಲಿಲ್ಲ. ಅವನಿಗೆ ಅವಳು ಬೇಕಿತ್ತು, ಪ್ರಾಣ ಹೋಗುವಷ್ಟು ಬೇಕಿತ್ತು. ಶಿವಮೊಗ್ಗದ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರ ಕೆಲಸ ಹಿಡಿದ. ಗೆಜ್ಜೆಯ ಮೇಲೆ ಬರೆದ, ಮಲ್ಲಿಗೆಯ ಮೇಲೆ ಬರೆದ, ಬೆಳದಿಂಗಳನ್ನೂ ಬಿಡಲಿಲ್ಲ. ಸರ್ಕಾರಿ ಸಂಬಳದ ಹುಡುಗ ಎಂದು ಅವಳಪ್ಪ ಕೃಷ್ಣಪ್ಪನವರಿಗೆ ಬಲು ಸಂತೋಷವಾಯಿತು.

ಅದು ನಲವತ್ತೆರಡನೇ ಇಸವಿ. ಆಗಸ್ಟಿನಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ಮಾರಪ್ಪ ನಡುಬೀದಿಯಲ್ಲಿ ನಿಂತು ಆ ಬೇಡಿಯ ಹಾಡು ಹೇಳಿದ. ಸುತ್ತ ನಿಂತವರೆಲ್ಲ ದನಿಗೂಡಿಸಿದರು. ಪೊಲೀಸರು ಅವನನ್ನು ಹಿಡಿದುಕೊಂಡು ಹೋಗಿ, ಕಟ್ಟಿದವನ ಹೆಸರು ಹೇಳೆಂದು ಬಡಿದರು. ಹೆಸರು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ.

ಸುದ್ದಿ ಕೇಳಿದ ವೆಂಕಟಾಚಲ ಜ್ವರವೆಂದು ಹೇಳಿಕಳಿಸಿ ಭದ್ರಾವತಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಮಾರಪ್ಪನನ್ನು ಬಿಟ್ಟು ಕಳಿಸಿದರೆಂದು ಗೊತ್ತಾದ ಮೇಲೆ ಜ್ವರ ಇಳಿಯಿತು.

ದಸರಾ ಕಳೆದು ಹೆಣ್ಣು ನೋಡುವ ಶಾಸ್ತ್ರ. ವೆಂಕಟಾಚಲ ತಾನು ನೋಡಿ ನೋಡಿ ನಿದ್ದೆಗೆಟ್ಟಿದ್ದ ಹುಡುಗಿಯನ್ನೇ ಅಮ್ಮನ ಜೊತೆ ಬಂದು ಮತ್ತೆ ನೋಡಬೇಕು. ಸೀತಾಲಕ್ಷ್ಮಿ ತಲೆ ತಗ್ಗಿಸಿ ಉಪ್ಪಿಟ್ಟು, ಕಾಫಿ ತಂದಿಟ್ಟು ಚಾಪೆಯ ಮೇಲೆ ಕೂತಳು.

"ಒಂದು ಹಾಡು ಹೇಳು ತಾಯಿ," ಎಂದರು ಅವನ ತಾಯಿ ವಿಶಾಲಮ್ಮ.

ಗೆಜ್ಜೆಯ ಹಾಡು ಬರುತ್ತದೆಂದು ವೆಂಕಟಾಚಲ ಒಳಗೊಳಗೇ ಉಬ್ಬಿದ. ಅವಳು ಬೇಡಿಯ ಹಾಡು ಎತ್ತಿಕೊಂಡಳು. ಈ ಸಲ ತುಂಟತನವಿರಲಿಲ್ಲ. ಕೊನೆಯ ಸಾಲಿನವರೆಗೂ ಹಾಡಿದಳು.

ಕೃಷ್ಣಪ್ಪನವರ ಮುಖ ಕಪ್ಪಿಟ್ಟಿತು. "ಇದನ್ನ ನೀವು ಕಲಿಸಿದ್ದಾ ಮೇಷ್ಟ್ರೇ? ಯಾರು ಕಟ್ಟಿದ್ದು ಇದು?"

ಸೀತಾಲಕ್ಷ್ಮಿ ಅವನನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು, ಅಷ್ಟು ಆಸೆಯಿಂದ ಅವಳು ಹಿಂದೆಂದೂ ನೋಡಿರಲಿಲ್ಲ. ನಾನೇ ಎಂದರೆ ಕೆಲಸವೂ ಹೋಗುತ್ತದೆ, ಇವಳೂ ಹೋಗುತ್ತಾಳೆ ಎಂದುಕೊಂಡ ಬೆಪ್ಪು.

"ನನಗೇನು ಗೊತ್ತು ಸಾರ್. ಯಾವನೋ ಬೀದಿಯೋನು ಕಟ್ಟಿರ್ಬೇಕು."

ಅವಳು ಅವನ ಮೇಲಿಂದ ಕಣ್ಣು ತೆಗೆದಳು.

ಹಿತ್ತಲಲ್ಲಿ ಅವನು ಕೈ ತೊಳೆಯುವಾಗ ತಂಬಿಗೆಯಿಂದ ನೀರು ಹಾಕಿದವಳು ಅವಳೇ.

"ಬಿಡಿ ಅಂದೋಳು ನೀನೇ ಅಲ್ವಾ ಸೀತೆ?"

"ಬರೆಯೋದು ಬಿಡಿ ಅಂದೆ. ಬರೆದಿದ್ದನ್ನ ನಂದಲ್ಲ ಅನ್ನಿ ಅಂದ್ನಾ?"

"ನಿನಗೋಸ್ಕರ ಅಂದೆ ಮಾರಾಯ್ತಿ."

"ಹುಲಿಗೆಮ್ಮ ಎಣ್ಣೆ ಹಚ್ಚೋವಾಗ ಮಾರಪ್ಪನ ಬೆನ್ನು ನೋಡ್ದೆ. ಅಷ್ಟು ಹೊಡೆದ್ರೂ ಅವನು ನಿಮ್ಮ ಹೆಸರು ಹೇಳಲಿಲ್ಲ. ಕಾಫಿ ಕೊಟ್ಟು ಕೇಳಿದ್ರೂ ನೀವು ಹೇಳಲಿಲ್ಲ."

"ಪ್ರೀತಿ ಹೋಯ್ತಾ ಹಾಗಾದ್ರೆ?"

"ಹೋಗಿದ್ರೆ ನೆಮ್ಮದಿಯಾಗಿ ಮದುವೆ ಆಗ್ತಿದ್ದೆ. ಇಷ್ಟಪಟ್ಟೋನನ್ನ ಪುಕ್ಕಲ ಅಂತ ದಿನಾ ನೋಡ್ಕೊಂಡು ಇರಕ್ಕೆ ನನ್ನ ಕೈಲಾಗಲ್ಲ." ಟವೆಲ್ ಕೊಟ್ಟಳು. "ಕೈ ಒರೆಸ್ಕೊಳ್ಳಿ. ಬೇಡ ಅಂತ ಅಪ್ಪಂಗೆ ನಾನೇ ಹೇಳ್ತೀನಿ."

ರೈಲಿನಲ್ಲಿ ವಿಶಾಲಮ್ಮನಿಗೆ ತಡೆಯಲಾಗಲಿಲ್ಲ. "ಎಂಥ ಹುಡುಗಿ, ಎಂಥ ಕಂಠ! ಯಾವನೋ ತಲೆ ಕೆಡಿಸಿಟ್ಟಿದಾನೆ. ಆ ಹಾಡು ಕಟ್ಟಿದೋನ ನಾಲಿಗೆ ಸೇದೋಗ! ಏನೋ, ನಾನು ಹೇಳಿದ್ದು ತಪ್ಪಾ?"

ವೆಂಕಟಾಚಲ ಕಿಟಕಿಯಾಚೆ ನೋಡುತ್ತಿದ್ದ.

"ಇಲ್ಲಮ್ಮ," ಎಂದ. "ಸೇದೋಗ್ಲಿ."